ಮಷೀನು ಕೆಟ್ಟಿತ್ತೆಂದು ಒಪ್ಪಿಕೊಂಡವರು

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಷ್ಟು ಕೆಳಗೆ ಇಳಿದಿತ್ತು. ಬಿಳಿ ಕೋಟು ಹಾಕಿಕೊಂಡಾಗ ದರ್ಜಿ ಒಂದು ತೋಳನ್ನು ಉದ್ದಕ್ಕೆ, ಇನ್ನೊಂದನ್ನು ಗಿಡ್ಡಕ್ಕೆ ಹೊಲಿದಿದ್ದಾನೆ ಎನಿಸುತ್ತಿತ್ತು. ಇಪ್ಪತ್ತು ವರ್ಷ ಅಲ್ಟ್ರಾಸೌಂಡ್ ಮಷೀನಿನ ಹಿಡಿಯನ್ನು ಬಲಗೈಯಲ್ಲಿ ಒತ್ತಿ ಹಿಡಿದು, ಕತ್ತು ತಿರುಗಿಸಿ ಪರದೆ ನೋಡುತ್ತ ಕೂತಿದ್ದಕ್ಕೆ ದೇಹ ಹಾಗೆ ವಾಲಿಬಿಟ್ಟಿತ್ತು. ಆ ಕೈಯ ಬೆರಳ ಸಂದುಗಳು ಬೇಸಿಗೆಯಲ್ಲೂ ಒಡೆದಿರುತ್ತಿದ್ದವು. ದಿನವಿಡೀ ಜೆಲ್ಲಿ ಹಚ್ಚುವುದು, ಒರೆಸುವುದು, ತೊಳೆಯುವುದು.

ನಾನು ಅವರನ್ನು ಸ್ಕ್ಯಾನ್ ಡಾಕ್ಟರಮ್ಮ ಎನ್ನುತ್ತಿದ್ದೆ. ಎದುರಿಗೆ ಮಾತ್ರ ಎಲ್ಲರಂತೆ ಮೇಡಂ. ದಿಲ್ಲಿಯ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವರ ಕೋಣೆ. ಮೇಜಿನ ಮೇಲೆ ಸ್ಟೀಲಿನ ಚೊಂಬಿನಲ್ಲಿ ಬಿಸಿನೀರು, ಅದರಲ್ಲಿ ಜೆಲ್ಲಿಯ ಬಾಟಲಿ ಅದ್ದಿಟ್ಟಿರುತ್ತಿದ್ದರು. ಜನವರಿಯ ಚಳಿಯಲ್ಲಿ ತಣ್ಣನೆಯ ಜೆಲ್ಲಿ ಹೊಟ್ಟೆಗೆ ತಗುಲಿ ಯಾರೂ ಬೆಚ್ಚಬಾರದು ಎಂದು. ನೀರು ಆರಿದರೆ ಆಯಾಳನ್ನು ಕರೆಯುತ್ತಿರಲಿಲ್ಲ, ತಾವೇ ಎದ್ದು ಹೋಗಿ ಬದಲಿಸಿಕೊಂಡು ಬರುತ್ತಿದ್ದರು.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಇಲ್ಲಿ ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂದು ಬರೆದಿತ್ತು. ಆದರೂ ಕೇಳುವವರು ಕೇಳುತ್ತಲೇ ಇದ್ದರು. ಒಮ್ಮೆ ನಾನು ಬಾಗಿಲ ಹತ್ತಿರ ಕೂತಿದ್ದಾಗ ಹರಿಯಾಣದ ಕಡೆಯ ಅಜ್ಜಿಯೊಬ್ಬಳು ಸೊಸೆಯನ್ನು ಮಲಗಿಸಿ, "ಮೇಡಂ, ನಿಮ್ಮ ಮಷೀನಿಗೆ ಅದು ಕಾಣಿಸುತ್ತದೋ ಇಲ್ಲವೋ, ಅಷ್ಟಾದರೂ ಹೇಳಿ" ಎಂದಳು. ಬೇರೆಯವರಾಗಿದ್ದರೆ ಕಾಣುವುದಿಲ್ಲ ಎಂದು ಸಾಗಹಾಕುತ್ತಿದ್ದರು. ಇವರು, "ದಿಖ್ತಾ ಹೈ, ತಾಯೀ. ಬತಾವೂಂಗಿ ನಹೀಂ" ಎಂದರು. ಕಾಣುತ್ತದೆ, ಹೇಳುವುದಿಲ್ಲ. 

ಅವರ ಸ್ವಭಾವವೇ ಅದು. ಕಂಡದ್ದನ್ನು ಕಂಡೆ ಎನ್ನುತ್ತಿದ್ದರು. ಕಾಣದ್ದಕ್ಕೆ ಅಂದಾಜು ಕಟ್ಟುತ್ತಿರಲಿಲ್ಲ. "ನಾನು ಅಂದಾಜು ಹೇಳಿದರೆ ಬೇರೆಯವರು ಅದನ್ನ ನಂಬಿ ಚಾಕು ಹಾಕ್ತಾರೆ" ಎನ್ನುತ್ತಿದ್ದರು. ನನಗೆ ತಿಳಿದಂತೆ ಅವರು ಸುಳ್ಳು ಹೇಳಿದ್ದು ಒಂದೇ ಸಲ. ಅದು ನನಗಾಗಿ. ಮೊಮ್ಮಕ್ಕಳೇ, ಅದನ್ನು ನಿಮಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಫರೀದಾಬಾದಿನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ಎದೆನೋವಿನಿಂದ ತೀರಿಕೊಂಡ ಮೇಲೆ ಅದೇ ಕಚೇರಿಯಲ್ಲಿ ನನಗೆ ಪ್ಯೂನ್ ಕೆಲಸ ಕೊಟ್ಟರು. ಕ್ವಾರ್ಟರ್ಸೂ ಉಳಿಯಿತು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಓದಿದವಳು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಫೈಲು ಒಯ್ಯುವುದು, ಚಹಾ ಕೊಡುವುದು, ಇಷ್ಟನ್ನು ತಲೆ ತಗ್ಗಿಸಿ ಮಾಡುತ್ತಿದ್ದೆ. ಯಾರಾದರೂ ಕಾಗದ ಮುಂದಿಟ್ಟು "ಯಹಾಂ" ಎಂದು ಬೆರಳು ತೋರಿಸಿದರೆ ಅಲ್ಲಿ ಸಹಿ ಹಾಕುತ್ತಿದ್ದೆ. ಏನು ಬರೆದಿದೆ ಎಂದು ಕೇಳಿದ್ದೇ ಇಲ್ಲ. ಕೇಳಿದರೆ ದಡ್ಡಿ ಎಂದುಕೊಂಡಾರು ಎಂಬ ಭಯ.

ನಿಮ್ಮ ಅಮ್ಮನಿಗೆ ಆಗ ಹತ್ತೊಂಬತ್ತು. ಬಿ.ಕಾಂ. ಎರಡನೆಯ ವರ್ಷ. ಒಂದು ಸಂಜೆ ಮಾರ್ಕೆಟ್ಟಿನಿಂದ ತರಕಾರಿ ತಂದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಂಗಾಲಿನಿಂದ ರಕ್ತ ಬಂದು ನೆಲದ ಮೇಲೆ ಹೆಜ್ಜೆ ಮೂಡಿತ್ತು.

"ಚಪ್ಪಲಿ ಎಲ್ಲೇ?" ಎಂದೆ.

ಅವಳು ಕೆಳಗೆ ನೋಡಿಕೊಂಡಳು. "ಪತಾ ನಹೀಂ ಅಮ್ಮ. ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ" ಎಂದಳು.

ನಾನು ಬೈದೆ. ಕಾಲೇಜಿಗೆ ಹೋಗುವ ಹುಡುಗಿಗೆ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಎಂಬ ಪರಿವೆಯೂ ಬೇಡವೇ ಎಂದು. ಆಮೇಲೆ ಮೆಟ್ಟಿಲ ಮೇಲೆ ಎರಡು ಸಲ ಬಿದ್ದಳು. ಸೆಕ್ಟರ್ ಎನ್ನುವ ನಮ್ಮ ಬಡಾವಣೆಯ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ ಬರೆದರು. ಮೂತ್ರ ಸಲೀಸಾಗಿ ಹೋಗುತ್ತಿಲ್ಲ ಎಂದಾಗ ಅಲ್ಟ್ರಾಸೌಂಡ್ ಮಾಡಿಸಲು ದಿಲ್ಲಿಗೆ ಬರೆದುಕೊಟ್ಟರು. ದಿಲ್ಲಿಯಲ್ಲಿ ಮೆಟ್ರೋ ಆಗಷ್ಟೇ ಶುರುವಾಗಿತ್ತು, ಫರೀದಾಬಾದಿಗೆ ಇನ್ನೂ ಬಂದಿರಲಿಲ್ಲ. ಬೆಳಗಿನ ಶಟಲ್ ರೈಲಿನಲ್ಲಿ ಜನರ ನಡುವೆ ಅವಳನ್ನು ಕಿಟಕಿಯ ಕಂಬಿಗೆ ಒರಗಿಸಿ ನಿಲ್ಲಿಸಿಕೊಂಡು ಹೋದೆ.

ಅಂದು ಡಾಕ್ಟರಮ್ಮ ಹೊಟ್ಟೆಯ ಕೆಳಗೆ ಹಿಡಿಯನ್ನು ಇಟ್ಟು ಪರದೆ ನೋಡುತ್ತಲೇ ಇದ್ದರು. "ಬೇಟಾ, ಮೂತ್ರಕ್ಕೆ ಅರ್ಜೆಂಟಾಗಿದೆಯಾ?" ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲವೆಂದಳು. ನಾನು ಅವಳ ಕಿವಿಯಲ್ಲಿ, "ನಾಚ್ಕೋಬೇಡ, ಇದ್ದದ್ದು ಹೇಳು" ಎಂದೆ.

ಡಾಕ್ಟರಮ್ಮ ಥಟ್ಟನೆ ತಿರುಗಿದರು. "ಅರೇ, ನೀವು ಕನ್ನಡದವರಾ? ನಾನೂ. ಅಪ್ಪ ಇಲ್ಲಿ ಮಿನಿಸ್ಟ್ರೀಲಿ ಇದ್ರು. ನಾನು ದಿಲ್ಲೀಲೇ ಹುಟ್ಟಿ ಬೆಳೆದೋಳು, ನನ್ನ ಕನ್ನಡ ಥೋಡಾ ಕಚ್ಚಾ. ನಗಬೇಡಿ."

ನಾನು ನಗಲಿಲ್ಲ. ಆ ನೆಲಮಾಳಿಗೆಯಲ್ಲಿ ಕನ್ನಡ ಕೇಳಿ ನನಗೆ ಅಳು ಬಂತು.

ಅವರು ಮುಟ್ಟಿನ ವಿಷಯ ಕೇಳಿದರು. ಎಲ್ಲ ಹೆಣ್ಣುಮಕ್ಕಳಿಗೂ ಕೇಳುವ ಪ್ರಶ್ನೆ. ನಿಮ್ಮ ಅಮ್ಮ ಗೋಡೆಯ ಕಡೆ ಮುಖ ಮಾಡಿ, "ಎರಡು ತಿಂಗಳಿಂದ ಆಗಿಲ್ಲ" ಎಂದಳು. ನನಗೆ ಅದು ಗೊತ್ತಿರಲಿಲ್ಲ. 

"ಇಷ್ಟು ತುಂಬಿದ್ರೆ ಯಾರೂ ಮಲಗಿರೋಕೆ ಆಗಲ್ಲ, ಓಡಬೇಕು. ಇವಳಿಗೆ ಗೊತ್ತೇ ಆಗ್ತಿಲ್ಲ" ಎಂದು ಡಾಕ್ಟರಮ್ಮ ಕೋಟಿನ ಜೇಬಿನಿಂದ ಬೀಗದ ಕೈ ತೆಗೆದು ಅವಳ ಅಂಗಾಲಿನಲ್ಲಿ ಗೀರಿದರು. ಬಲಗಾಲು ಸ್ವಲ್ಪ ಅಲುಗಿತು. ಎಡಗಾಲು ಅವರು ಗೀರುವುದನ್ನು ಬೇರೆ ಯಾರದೋ ಕಾಲಿನ ಹಾಗೆ ಸಹಿಸಿಕೊಂಡಿತು. ಇದು ಹೊಟ್ಟೆಯದಲ್ಲ, ಬೆನ್ನಿನದು ಎಂದು ಅವರೇ ಕಾಗದ ಹಿಡಿದುಕೊಂಡು ಮಹಡಿ ಹತ್ತಿ ಹೋಗಿ ಎಂಆರ್‌ಐ ಬರೆಸಿಕೊಂಡು ಬಂದರು.

ಬೆನ್ನುಹುರಿಯ ಒಳಗೆ ಗಡ್ಡೆ ಇತ್ತು. ದಾಖಲು ಮಾಡಿಕೊಂಡರು. ಆಪರೇಷನ್ ಮಾಡುವ ಸರ್ಜನ್ನರು ಹೆಚ್ಚು ಮಾತಾಡುವವರಲ್ಲ. ಡಾಕ್ಟರಮ್ಮನೇ ಹಾಸಿಗೆಯ ಬಳಿ ಬಂದು ನನಗೆ ತಿಳಿಸಿ ಹೇಳಿದರು.

"ನೋಡಿ ಅಮ್ಮ, ಬೆನ್ನುಹುರಿ ಕಿರುಬೆರಳಷ್ಟು ದಪ್ಪ. ಗಡ್ಡೆ ಅದರ ಒಳಗಿದೆ. ಮೇಲಿಂದ ನೋಡಿದ್ರೆ ಎಲ್ಲಾ ಕಡೆ ಒಂದೇ ಥರ ಕಾಣುತ್ತೆ. ಒಂದು ಚೂರು ಆಚೆ ಈಚೆ ಕೊಯ್ದರೆ ಕಾಲು ಗಯಾ. ಎಂಆರ್‌ಐ ಫೋಟೋ ತೆಗೆದದ್ದು ಅಂಗಾತ ಮಲಗಿಸಿ, ಆಪರೇಷನ್ ಬೋರಲು ಮಲಗಿಸಿ. ಅದಕ್ಕೇ ನಾನು ನನ್ನ ಮಷೀನ್ ತಗೊಂಡು ಒಳಗೆ ಬರ್ತೀನಿ. ಮೂಳೆ ತೆಗೆದ ಮೇಲೆ ಅಲ್ಲೇ ಇಟ್ಟು ನೋಡಿ, ಇಲ್ಲಿ ಕೊಯ್ಯಿ ಅಂತ ತೋರಿಸ್ತೀನಿ. ಸಮಝ್ ಆಯ್ತಾ?"

"ಆಯ್ತು ಮೇಡಂ" ಎಂದೆ. ಏನೂ ಆಗಿರಲಿಲ್ಲ. ಹೊಟ್ಟೆ ನೋಡುವ ಮಷೀನಿಗೆ ಬೆನ್ನಿನಲ್ಲಿ ಏನು ಕೆಲಸ ಎಂಬುದೊಂದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಕೇಳಲು ನಾಲಿಗೆ ಏಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಸ್ಕ್ಯಾನ್ ವಿಭಾಗದ ಗುಮಾಸ್ತ ಒಂದು ಕಾಗದ ತಂದ. ಸ್ವಲ್ಪ ದಿನದ ಹಿಂದೆ ಸರ್ಕಾರದವರು ಬಂದು ಅಲ್ಲಿನ ಮಷೀನುಗಳನ್ನೂ ಕಾಗದಪತ್ರಗಳನ್ನೂ ತಪಾಸಣೆ ಮಾಡಿ ಹೋಗಿದ್ದರಂತೆ. ಗರ್ಭಿಣಿಯರ ಸ್ಕ್ಯಾನಿಗೆ ಮುಂಚೆ ತುಂಬಿಸಬೇಕಾದ ನಮೂನೆಗಳು ಸರಿಯಿಲ್ಲವೆಂದು ಗದರಿಸಿದ್ದರಂತೆ. ಅಂದಿನಿಂದ ಆ ಮನುಷ್ಯ ಹೆದರಿಬಿಟ್ಟಿದ್ದ. ಮಷೀನು ಕೋಣೆಯ ಹೊಸ್ತಿಲು ದಾಟುತ್ತದೆ, ರೋಗಿ ಹೆಂಗಸು, ಆದ್ದರಿಂದ ಆ ನಮೂನೆ ಬೇಕೇ ಬೇಕು ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಂದು ಅವನು "ಯಹಾಂ" ಎಂದು ಬೆರಳಿಟ್ಟು, ಬೇರೆ ಯಾರೋ ಕರೆದರೆಂದು ಆಚೆ ಹೋದ. ಕಾಗದ ನನ್ನ ಕೈಯಲ್ಲಿ ಉಳಿಯಿತು.

ಜೀವನದಲ್ಲಿ ನಾನು ಪೂರ್ತಿ ಓದಿದ ಮೊದಲ ಅರ್ಜಿ ಅದು. ಶಾಲೆಯಲ್ಲಿ ಕಲಿತ ಹಿಂದಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಪತಿಯ ಹೆಸರು. ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು. ಕೊನೆಯ ಮುಟ್ಟು ಯಾವಾಗ. ಗರ್ಭ ಎಷ್ಟು ವಾರದ್ದು.

 ಎರಡು ತಿಂಗಳು ಮುಟ್ಟು ನಿಂತಿದೆ. ಹೊಟ್ಟೆ ನೋಡಿದ ಡಾಕ್ಟರೇ ಆಪರೇಷನ್ ಕೋಣೆಗೂ ಬರುತ್ತಾರಂತೆ, ಅದೇ ಮಷೀನು ತಗೊಂಡು. ನನಗೆ ಎಲ್ಲ ಗೊತ್ತಾಯಿತು ಎನಿಸಿತು. ಮಗಳು ಬಸುರಿ, ಬೆನ್ನಿನ ಗಡ್ಡೆ ಎನ್ನುವುದು ನನ್ನ ಮರ್ಯಾದೆ ಉಳಿಸಲು ಇವರೆಲ್ಲ ಕಟ್ಟಿದ ಮಾತು. ಅಪ್ಪನಿಲ್ಲದ ಹುಡುಗಿ. ನಾನು ಕಚೇರಿಯಲ್ಲಿ ಚಹಾ ಕೊಡುತ್ತಿದ್ದಾಗ ಎಲ್ಲಿ ಹೋಗುತ್ತಿದ್ದಳೋ, ಯಾರ ಜೊತೆಯೋ.

ನಾನು ನನ್ನ ಮಗಳನ್ನು ಅನುಮಾನಿಸಿದೆ. 

ಅಂಥ ಸರ್ಕಾರಿ ಕಾಗದದಲ್ಲಿ ಅವಳ ಹೆಸರು ಏರಬಾರದೆಂದು ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ. ನಿಮ್ಮ ಅಮ್ಮನಿಗೆ, "ಮಷೀನು ಕೆಟ್ಟಿದೆಯಂತೆ, ರಿಪೇರಿ ಆದ ಮೇಲೆ ಕರೀತಾರಂತೆ, ಚಲೋ" ಎಂದೆ. ನರ್ಸಿಗೆ ಊರಲ್ಲಿ ಸಾವಾಗಿದೆ ಎಂದೆ. ಮಾತೇ ಬಾರದ ನನಗೆ ಅಂದು ಸುಳ್ಳುಗಳು ಒಂದರ ಹಿಂದೊಂದು ಸಲೀಸಾಗಿ ಬಂದವು.

ಒಂಬತ್ತು ದಿನ ಅವಳನ್ನು ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡೆ. ಅವಳ ಚೀಲ ಹುಡುಕಿದೆ. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಒಂದು ನೋಟ್‌ಬುಕ್ಕಿನಲ್ಲಿ ಗಂಡುಹುಡುಗನ ಅಕ್ಷರ ಸಿಕ್ಕಿತು, ಅದರಲ್ಲಿ ಪಾಠದ ಟಿಪ್ಪಣಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಮಲಗಿದ್ದಾಗ ಹೊಟ್ಟೆಯನ್ನೇ ನೋಡುತ್ತ ಕೂರುತ್ತಿದ್ದೆ. ಬಾಯಿಬಿಟ್ಟು ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ತಾಯಿ ಮಗಳ ನಡುವೆ ಅಂಥ ಮಾತು ಬಂದದ್ದೇ ಇಲ್ಲ, ಹೇಗೆ ಕೇಳಲಿ. ಊರಲ್ಲಿದ್ದ ನನ್ನ ಅಕ್ಕನ ಮನೆಗೆ ಒಯ್ದು ಎಲ್ಲ ಮುಗಿಯುವ ತನಕ ಬಿಟ್ಟುಬರೋಣ ಎಂದು ಟಿಕೆಟ್ಟಿಗೂ ಹೇಳಿಟ್ಟೆ.

"ಅಮ್ಮ, ಫೋನ್ ಬಂತಾ? ಮಷೀನ್ ಠೀಕ್ ಆಯ್ತಾ?" ಎಂದು ಅವಳು ದಿನಾ ಕೇಳುತ್ತಿದ್ದಳು. ಆರನೆಯ ದಿನ ಗೋಡೆ ಹಿಡಿದು ನಡೆದಳು. ಎಂಟನೆಯ ದಿನ ಹಾಸಿಗೆ ಒದ್ದೆಯಾಯಿತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಬಟ್ಟೆ ಬದಲಿಸುವಾಗ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಒಂಬತ್ತನೆಯ ದಿನ ಭಾನುವಾರ. ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಡಾಕ್ಟರಮ್ಮ. ಕೋಟಿಲ್ಲದೆ, ಹತ್ತಿಯ ಸೀರೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ದಾಖಲೆಯ ಕಾಗದದಲ್ಲಿದ್ದ ವಿಳಾಸ ಹಿಡಿದು ಶಟಲ್ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ರಿಕ್ಷಾ ಮಾಡಿಕೊಂಡು, ಮೂರು ಸೆಕ್ಟರ್ ಸುತ್ತಿ ಮನೆ ಹುಡುಕಿದ್ದರು.

"ಊರಲ್ಲಿ ಸಾವಾಗಿದೆ ಅಂದ್ರಿ. ಇಲ್ಲೇ ಇದ್ದೀರಲ್ಲ" ಎಂದರು. ಸಿಟ್ಟಿನಿಂದಲ್ಲ, ಕಂಡದ್ದನ್ನು ಹೇಳುವ ಹಾಗೆ.

 ನೀರು ಕೊಡಲು ಅಡುಗೆಮನೆಗೆ ಹೋದೆ. ನಮ್ಮಲ್ಲಿ ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತಿತ್ತು, ನೀಲಿ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದೆವು. ಅಭ್ಯಾಸದಂತೆ ಡ್ರಮ್ಮನ್ನು ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತ ಹೋದೆ. ನೀರು ಎಲ್ಲಿಯವರೆಗಿದೆ ಎಂದು ನೋಡಿಕೊಳ್ಳಲು. ಡಾಕ್ಟರಮ್ಮ ಹಿಂದೆಯೇ ಬಂದು ನಿಂತಿದ್ದರು. ನಾನು ಏನೂ ಹೇಳದೆ ಆ ಕಾಗದವನ್ನು ತೆಗೆದು ಅವರ ಕೈಗಿಟ್ಟೆ.

ಅವರು ಓದಿದರು. ಮತ್ತೆ ಮೊದಲಿಂದ ಓದಿದರು. ನನ್ನ ಮುಖ ನೋಡಿದರು. ನಾನು ಹೇಳದೆಯೇ ಅವರಿಗೆ ಎಲ್ಲವೂ ಅರ್ಥವಾಯಿತು.

"ಇದು ಆ ಗುಮಾಸ್ತನ ಬೇವಕೂಫಿ" ಎಂದು ಮೆಲ್ಲಗೆ ಹೇಳಿದರು. "ಈ ಕಾಗದ ನಿಮ್ಮ ಮಗಳಿಗೆ ಬೇಕಾಗೇ ಇರಲಿಲ್ಲ. ನಾನು ಅವತ್ತು ಹೊಟ್ಟೆ ನೋಡಿದ್ದೀನಿ. ಏನೂ ಇಲ್ಲ ಅಲ್ಲಿ. ಮೈಯಲ್ಲಿ ಇಂಥ ದೊಡ್ಡ ಕಾಯಿಲೆ ಇದ್ದಾಗ ಮುಟ್ಟು ಹಿಂದೆ ಮುಂದೆ ಆಗುತ್ತೆ."

ನಾನು ಡ್ರಮ್ಮಿಗೆ ಆತುಕೊಂಡು ನಿಂತೆ.

"ಈಗ ಡ್ರಮ್ ತಟ್ಟಿದ್ರಲ್ಲ, ಮುಚ್ಚಳ ತೆಗೀಲಿಲ್ಲ. ನೀರು ಎಲ್ಲಿದೆ ಅಂತ ಹೇಗೆ ಗೊತ್ತಾಯ್ತು?"

"ಸದ್ದು ಬೇರೆ ಆಗತ್ತಲ್ಲ ಮೇಡಂ."

"ನನ್ನ ಮಷೀನೂ ಬಸ್ ಇಷ್ಟೇ. ಸದ್ದು ಕಳಿಸುತ್ತೆ, ವಾಪಸ್ ಬಂದದ್ದನ್ನ ಕೇಳಿಸ್ಕೊಳ್ಳುತ್ತೆ. ಎಲ್ಲಿ ಬದಲಾಯ್ತೋ ಅಲ್ಲಿ ಗಡ್ಡೆ. ಅದಕ್ಕೆ ಹೊಟ್ಟೆ ಆದ್ರೇನು, ಬೆನ್ನಾದ್ರೇನು."

ಒಂದು ತಿಂಗಳಿಂದ ಯಾರು ಹೇಳಿದರೂ ತಿಳಿಯದ್ದು ಆ ಗಳಿಗೆಯಲ್ಲಿ ತಿಳಿಯಿತು.  ಒಂಬತ್ತು ದಿನ ನಾನು ಏನು ಮಾಡಿದೆ ಎನ್ನುವುದೂ ಜೊತೆಗೇ ತಿಳಿಯಿತು.

ಒಳಗಿನ ಕೋಣೆಗೆ ಹೋದೆವು. ಡಾಕ್ಟರಮ್ಮ ಪರ್ಸಿನಿಂದ ಬೀಗದ ಕೈ ತೆಗೆದು ಮತ್ತೆ ಅಂಗಾಲು ಗೀರಿದರು. ಈ ಸಲ ಬಲಗಾಲೂ ಅಲುಗಲಿಲ್ಲ. ಅವರು ಬೀಗದ ಕೈಯನ್ನು ಜೇಬಿಗೆ ಹಾಕಲು ಹೋಗಿ, ಸೀರೆಗೆ ಜೇಬಿಲ್ಲವೆಂದು ನೆನಪಾಗಿ, ಮುಷ್ಟಿಯಲ್ಲೇ ಹಿಡಿದುಕೊಂಡರು.

ನಿಮ್ಮ ಅಮ್ಮ ದಿಂಬಿನಿಂದ ತಲೆ ಎತ್ತಿ ಕೇಳಿದಳು. "ಮೇಡಂ, ಮಷೀನ್ ಠೀಕ್ ಆಯ್ತಾ?"

ಅವರು ನನ್ನ ಕಡೆ ನೋಡಿದರು. ನಾನು ಬಾಗಿಲ ಪರದೆಯ ಅಂಚನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳುವವರು ಅವರು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ.

"ಹಾಂ ಬೇಟಾ" ಎಂದರು. "ಇವತ್ತು ಸರಿಹೋಯ್ತು. ತಡ ಆಯ್ತು. ಮಾಫ್ ಮಾಡು."

ಪಕ್ಕದ ಮನೆಯವರ ವ್ಯಾನಿನಲ್ಲಿ ಆಗಲೇ ಹೊರಟೆವು. ಮಥುರಾ ರೋಡಿನ ಉದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಡಾಕ್ಟರಮ್ಮನ ತೊಡೆಯ ಮೇಲೆ. ಅಲ್ಲಿ ಸರ್ಜನ್ನರು ನೋಡಿ, ಒಂಬತ್ತು ದಿನದ ಹಿಂದೆಯಾಗಿದ್ದರೆ ಧೈರ್ಯ ಹೇಳುತ್ತಿದ್ದೆ, ಈಗ ಏನೂ ಹೇಳಲಾರೆ ಎಂದರು. ಮಾರನೆಯ ಬೆಳಿಗ್ಗೆ ಒಳಗೆ ಒಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ದೇವರಿಗೆ ಹರಕೆ ಹೊರಲೂ ನನಗೆ ಮುಖವಿರಲಿಲ್ಲ. ಏನೆಂದು ಕೇಳಲಿ. ನಾನೇ ಮಾಡಿದ್ದನ್ನು ನೀನು ಸರಿಮಾಡು ಎಂದೇ.

ಒಳಗೆ ನಡೆದದ್ದನ್ನು ಡಾಕ್ಟರಮ್ಮ ಆಮೇಲೆ ನನಗೆ ಹೇಳಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಬೆನ್ನಿನ ಮೂಳೆ ತೆಗೆದು ನೋಡಿದಾಗ ಬೆನ್ನುಹುರಿ ನುಣ್ಣಗೆ, ಎಲ್ಲ ಕಡೆ ಒಂದೇ ಥರ ಇತ್ತಂತೆ. ಸರ್ಜನ್ನರು ಎಂಆರ್‌ಐ ನೋಡಿ, ಪಕ್ಕೆಲುಬು ಎಣಿಸಿ, ಇಲ್ಲೇ ಎಂದು ಗುರುತು ಮಾಡಿಕೊಂಡಿದ್ದರು. ಇವರು ಆ ಗಾಯದ ಗುಂಡಿಯಲ್ಲಿ ಬೆಚ್ಚನೆಯ ಉಪ್ಪುನೀರು ತುಂಬಿಸಿ, ಚೀಲ ತೊಡಿಸಿದ ಹಿಡಿಯನ್ನು ಆ ನೀರಿಗೆ ತಾಗಿಸಿ ಪರದೆ ನೋಡಿದರು. ಗುರುತು ಮಾಡಿದ ಕಡೆ ಏನೂ ಇರಲಿಲ್ಲ. ಗಡ್ಡೆಯ ಬಾಲ ಮಾತ್ರ ಮೂಲೆಯಲ್ಲಿ ಕಾಣುತ್ತಿತ್ತು.

"ಇನ್ನೂ ಮೇಲೆ. ಒಂದು ಮೂಳೆ ಮೇಲೆ" ಎಂದರಂತೆ.

"ಪಕ್ಕಾ?" ಎಂದು ಸರ್ಜನ್ನರು ಕೇಳಿದರು.

"ಕಾಣ್ತಿದೆ ಸರ್. ನೀವೂ ನೋಡಿ."

ಇನ್ನೊಂದು ಮೂಳೆ ತೆಗೆದರು. ಅಲ್ಲಿತ್ತು. ಕೊಯ್ದು ಚೂರು ಚೂರಾಗಿ ತೆಗೆದು, ಆಯಿತು ಎಂದು ಸರ್ಜನ್ನರು ಕೈ ಹಿಂದೆ ತೆಗೆದಾಗ ಇವರು ಮತ್ತೆ ಉಪ್ಪುನೀರು ತುಂಬಿಸಿ ನೋಡಿ, ಜೋಳದ ಕಾಳಷ್ಟು ಇನ್ನೂ ಕೂತಿದೆ ಎಂದರು. ಅದನ್ನೂ ತೆಗೆದರು. ಅಷ್ಟು ಹೊತ್ತು ಬಲಗೈ ಅಲುಗಿಸದೆ ಹಿಡಿದದ್ದಕ್ಕೆ ಹೊರಗೆ ಬಂದಾಗ ಅವರಿಗೆ ಕೈ ಇಳಿಸಲು ಆಗುತ್ತಿರಲಿಲ್ಲ. ಎಡಗೈಯಿಂದ ಅದನ್ನು ಹಿಡಿದು ಇಳಿಸಿಕೊಂಡು ನನ್ನ ಪಕ್ಕ ಬೆಂಚಿನ ಮೇಲೆ ಕೂತರು.

"ಗಡ್ಡೆ ಪೂರ್ತಿ ಹೋಯ್ತು. ಕಾಲು ನಾನು ಹೇಳಲಾರೆ. ಅದು ನನ್ನ ಮಷೀನಲ್ಲಿ ಕಾಣಲ್ಲ."

ಬಲಗಾಲು ಹತ್ತನೆಯ ದಿನ ಎದ್ದಿತು. ಮೂತ್ರದ ತೊಂದರೆ ತಿಂಗಳಲ್ಲಿ ಹೋಯಿತು. ಎಡಗಾಲು ಬರಲಿಲ್ಲ. ಬಂದರೂ ಅರ್ಧ ಬಂತು, ನೀವು ನೋಡುತ್ತೀರಲ್ಲ ಹಾಗೆ. ಬಹಳ ದಿನ ಒತ್ತಡದಲ್ಲಿ ಸಿಕ್ಕಿಕೊಂಡ ನರ ಅಷ್ಟೇ ಮರಳುವುದು ಎಂದು ಸರ್ಜನ್ನರು ಹೇಳಿ ಹೋದ ದಿನ, ನಿಮ್ಮ ಅಮ್ಮ ಡಾಕ್ಟರಮ್ಮನಿಗಾಗಿ ಕಾದಿದ್ದು ಕೇಳಿಯೇಬಿಟ್ಟಳು. ನಾನು ಡಬ್ಬಿಯಲ್ಲಿ ಮೊಸರನ್ನ ಕಲಸುತ್ತಿದ್ದೆ.

"ನಿಮ್ಮ ಮಷೀನ್ ಕೆಡದೇ ಇದ್ದಿದ್ರೆ ನನ್ನ ಕಾಲು ಉಳೀತಿತ್ತಾ?"

"ಉಳೀಬಹುದಿತ್ತು" ಎಂದರು ಅವರು.

"ಇಷ್ಟು ದೊಡ್ಡ ಆಸ್ಪತ್ರೆ. ಇನ್ನೊಂದು ಮಷೀನ್ ಇರ್ಲಿಲ್ವಾ? ಒಂಬತ್ತು ದಿನ ಏನ್ ಮಾಡ್ತಿದ್ರಿ?"

ಅವರು ತಲೆ ತಗ್ಗಿಸಿ ನಿಂತರು, ಕಚೇರಿಯಲ್ಲಿ ನಾನು ನಿಲ್ಲುತ್ತಿದ್ದ ಹಾಗೆ. "ನಿಮ್ಮ ಮುಖ ತೋರಿಸಬೇಡಿ" ಎಂದು ನಿಮ್ಮ ಅಮ್ಮ ಗೋಡೆಯ ಕಡೆ ತಿರುಗಿದಳು. ನಾನು ಅನ್ನ ಕಲಸುತ್ತಲೇ ಇದ್ದೆ.

ಡಾಕ್ಟರಮ್ಮ ಹೊರಟ ಮೇಲೆ ಹೊರಗಿನ ಕಾರಿಡಾರಿಗೆ ಓಡಿಹೋಗಿ ಅವರ ಕಾಲು ಹಿಡಿದೆ. ಜನ ನೋಡುತ್ತಿದ್ದರು. "ಹೇಳಿಬಿಡ್ತೀನಿ ಮೇಡಂ, ಈಗಲೇ ಹೋಗಿ ಹೇಳ್ತೀನಿ" ಎಂದೆ.

ಅವರು ನನ್ನನ್ನು ಎಬ್ಬಿಸಿದರು. "ಈಗ ಬೇಡ. ಇನ್ನು ಮೂರು ನಾಲ್ಕು ತಿಂಗಳು ಅವಳು ನಿಮ್ಮ ಭುಜ ಹಿಡ್ಕೊಂಡೇ ನಡೀಬೇಕು. ನಿಮ್ಮ ಮೇಲೆ ಗುಸ್ಸಾ, ಸಿಟ್ಟು ಇದ್ರೆ ಹಿಡೀತಾಳಾ? ಹಿಡೀದಿದ್ರೆ ಏಳ್ತಾಳಾ? ಗುಸ್ಸಾ ನನ್ನ ಮೇಲಿರ್ಲಿ. ನನಗೇನು, ನಾನು ಕೆಳಗೆ ಕತ್ತಲೆ ಕೋಣೇಲಿ ಇರೋಳು." ಆಮೇಲೆ, "ಅವಳು ತಾನೇ ನಡೆದ ದಿನ ಹೇಳಿ. ಖಂಡಿತ ಹೇಳಿ. ನನಗೆ ಸುಳ್ಳು ಹೊತ್ತು ಅಭ್ಯಾಸ ಇಲ್ಲ" ಎಂದರು.

ಅವಳು ಐದನೆಯ ತಿಂಗಳು ತಾನೇ ನಡೆದಳು. ಕ್ವಾರ್ಟರ್ಸಿನ ಗೇಟಿನವರೆಗೆ ಕೋಲು ಹಿಡಿದು ಹೋಗಿ ಬಂದು, ನನ್ನನ್ನು ತಬ್ಬಿಕೊಂಡು, "ನೀನಿಲ್ದಿದ್ರೆ ನಾನು ಏಳ್ತಿರ್ಲಿಲ್ಲ ಅಮ್ಮ" ಎಂದಳು. ಅದನ್ನು ಕೇಳಿದ ಮೇಲೆ ಹೇಗೆ ಹೇಳಲಿ. ನಾಳೆ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಕೆಲಸ ಸಿಗಲಿ, ಮದುವೆಯಾಗಲಿ, ನೀವು ಹುಟ್ಟಲಿ.

ವರ್ಷಕ್ಕೊಮ್ಮೆ ಎಂಆರ್‌ಐಗೆ ಹೋದಾಗ ನಿಮ್ಮ ಅಮ್ಮ ಸ್ಕ್ಯಾನ್ ಕೋಣೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಚಹಾ ತರುತ್ತೇನೆಂದು ನೆಲಮಾಳಿಗೆಗೆ ಇಳಿದು ಹೋಗುತ್ತಿದ್ದೆ. ಡಾಕ್ಟರಮ್ಮ ಮೊದಲು, "ಹೇಗೆ ನಡೀತಾಳೆ?" ಎಂದು ಕೇಳುತ್ತಿದ್ದರು. ಆಮೇಲೆ, "ಹೇಳಿದ್ರಾ?" ಎಂದು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಅವರು ಬೈಯುತ್ತಿರಲಿಲ್ಲ. ಐದನೆಯ ವರ್ಷ ಮೊದಲ ಪ್ರಶ್ನೆ ಮಾತ್ರ ಕೇಳಿದರು, ಎರಡನೆಯದನ್ನು ಕೇಳಲೇ ಇಲ್ಲ. ಬೈದಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮದುವೆಯ ಕಾಗದ ಬರೆಯುವಾಗ ಅವರ ಹೆಸರು ಹೇಳಿದೆ. "ಯಾಕೆ? ನಾನು ಕುಂಟೋದನ್ನ ನೋಡೋಕಾ?" ಎಂದಳು ನಿಮ್ಮ ಅಮ್ಮ. ನಾನೊಬ್ಬಳೇ ಚಿರೋಟಿ ಕಟ್ಟಿಕೊಂಡು ಹೋಗಿ ಕೊಟ್ಟು ಬಂದೆ. ಅವರು ಅಲ್ಲೇ ನಿಂತು ಒಂದು ಪೂರ್ತಿ ತಿಂದು, ಕೋಟಿನ ಮೇಲೆ ಬಿದ್ದ ಸಕ್ಕರೆ ಕೊಡವಿಕೊಂಡು, "ಮಂಟಪದಲ್ಲಿ ಸಪ್ತಪದಿ ನಡೆದಳಾ?" ಎಂದು ಕೇಳಿದರು. ನಡೆದಳು ಎಂದೆ. "ಏಳೂ?" ಎಂದರು. ಏಳೂ ಎಂದೆ. ಅವರು ಆಚೆ ತಿರುಗಿ ಮಷೀನಿನ ವೈರು ಸರಿಮಾಡತೊಡಗಿದರು.

ನಿವೃತ್ತರಾದ ಮೇಲೆ ಅವರು ಗ್ರೇಟರ್ ನೋಯ್ಡಾದಲ್ಲಿದ್ದ ತಮ್ಮನ ಫ್ಲಾಟಿಗೆ ಹೋದರು. ಮದುವೆಯಾಗಿರಲಿಲ್ಲ. ಒಮ್ಮೆ ಎರಡು ಬಸ್ ಬದಲಿಸಿ ನೋಡಲು ಹೋದೆ. ಕಾಯಿಲೆಯಾಗಿತ್ತು, ಬಹಳ ಇಳಿದಿದ್ದರು. ತಮ್ಮ ಹೊಟ್ಟೆಯ ಸ್ಕ್ಯಾನನ್ನು ತಾವೇ ನೋಡಿಕೊಂಡು ಮನೆಯವರಿಗೆ ಎಷ್ಟು ಸಮಯ ಉಳಿದಿದೆ ಎಂದು ಹೇಳಿದ್ದರಂತೆ. ನಾನು ಕಾಲ ಬಳಿ ಕೂತು ಒತ್ತಿದೆ. ಹೇಳಿಲ್ಲ ಎಂಬುದು ಅವರಿಗೆ ನನ್ನ ಮುಖದಲ್ಲೇ ಕಂಡಿರಬೇಕು. ಮಕ್ಕಳ ವಿಷಯ ಕೇಳಿದರು. ನಿಮ್ಮಿಬ್ಬರ ಫೋಟೋ ತೋರಿಸಿದೆ. ಫೋಟೋದಲ್ಲಿ ನಿಮ್ಮ ಅಮ್ಮ ನಿಂತಿದ್ದಳು, ಚಿಕ್ಕವನು ಸೊಂಟದ ಮೇಲೆ. ಅವರು ಮಕ್ಕಳನ್ನು ನೋಡಲಿಲ್ಲ. ಅವಳ ಕಾಲನ್ನೇ ಬಹಳ ಹೊತ್ತು ನೋಡಿದರು.

ಅವರು ತೀರಿಕೊಂಡ ಸುದ್ದಿಯನ್ನು ಅವರ ತಮ್ಮ ಫೋನಿನಲ್ಲಿ ತಿಳಿಸಿದಾಗ ನಿಮ್ಮ ಅಮ್ಮ ಚಪಾತಿ ಹಿಟ್ಟು ನಾದುತ್ತಿದ್ದಳು. ಹೇಳಿದೆ. "ಯಾರು? ಆ ಮಷೀನ್ ಡಾಕ್ಟರಾ? ಅಚ್ಛಾ" ಎಂದು ಹಿಟ್ಟಿಗೆ ಇನ್ನಷ್ಟು ನೀರು ಹಾಕಿಕೊಂಡಳು. ಅವಳ ತಪ್ಪೇನೂ ಇಲ್ಲ. ಅವಳಿಗೆ ಗೊತ್ತಿರುವ ಹೆಂಗಸು ಬೇರೆ. ಆ ಬೇರೆ ಹೆಂಗಸನ್ನು ಮಾಡಿದವಳು ನಾನು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಂದೇ ಈ ನೋಟ್‌ಬುಕ್ಕು ತರಿಸಿದೆ.

ಮಕ್ಕಳೇ, ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮ ಅಮ್ಮ ನಾಲ್ಕನೆಯ ತರಗತಿಯವರೆಗೆ ಊರಿನಲ್ಲಿ ಕಲಿತವಳು, ಅವಳಿಗೆ ಬರುತ್ತದೆ. ಅಜ್ಜಿ ಏನು ಬರೆದಿದ್ದಾಳೆ, ಓದಿ ಹೇಳು ಎಂದು ನೀವು ಇದನ್ನು ಅವಳ ಹತ್ತಿರವೇ ಒಯ್ಯುತ್ತೀರಿ. ಅದು ಗೊತ್ತಿದ್ದೇ ಬರೆದೆ. ಎದುರಿಗೆ ಕೂತು ಹೇಳುವ ಧೈರ್ಯ ಇಷ್ಟು ವರ್ಷದಲ್ಲಿ ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಮಗಳೇ, ಮಷೀನು ಒಂದು ದಿನವೂ ಕೆಟ್ಟಿರಲಿಲ್ಲ. ಆ ಒಂಬತ್ತು ದಿನ ನನ್ನವು. ಇಲ್ಲಿಗೆ ಬಂದಾಗ ನಿನ್ನ ದನಿ ನಿಂತರೆ ನಿಲ್ಲಲಿ. ಮಕ್ಕಳಿಗೆ ಆಮೇಲೆ ಹೇಳಿದರಾಯಿತು. ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ. ಕರೆದರೆ ಬರುತ್ತೇನೆ. ಕರೆಯದಿದ್ದರೆ ಅದೂ ಸರಿ.